ಇನ್‌ಕ್ವಿಸಿಷನ್ ಕಾಲದಲ್ಲೂ ‘ಎಲ್ಲರಿಗೂ ಮೋಕ್ಷ ಉಂಟು’ ಅಂದವರು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೇನ್, ಪೋರ್ಚುಗಲ್, ಇಟಲಿಯ ಹಳೆಯ ಚರಿತ್ರೆ ಅಂದ ತಕ್ಷಣ ನಮಗೆ ನೆನಪಾಗುವುದು ಇನ್‌ಕ್ವಿಸಿಷನ್ (ತಪ್ಪು ನಂಬಿಕೆಯವರನ್ನು ಹುಡುಕಿ ಶಿಕ್ಷಿಸುವ ಕ್ಯಾಥೊಲಿಕ್ ಚರ್ಚ್‌ನ ನ್ಯಾಯಮಂಡಳಿ), ಸುಡುವ ಕಂಬ, ಗೋವಾದ ಕಥೆಗಳು. ಅವು ಸುಳ್ಳಲ್ಲ. ಆದರೆ ಅದೇ ಊರುಗಳಲ್ಲಿ, ಅದೇ ಕಾಲದಲ್ಲಿ, ಗಿರಣಿಯವರು, ನಾವಿಕರು, ಸೈನಿಕರು, ರೈತರು ‘ಅವರವರ ಧರ್ಮದಲ್ಲಿ ಅವರವರಿಗೆ ಮೋಕ್ಷ ಸಿಗುತ್ತದೆ’ ಅಂತ ಹೇಳಿ ಸಿಕ್ಕಿಬಿದ್ದಿದ್ದಾರೆ. ಈ ವಿಷಯ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಇದು ಯಾವ ಕಾಲದ, ಯಾವ ಜಾಗದ ಮಾತು?

ಸುಮಾರು 1480ರಿಂದ 1800ರವರೆಗೆ. ಮುಖ್ಯವಾಗಿ ಸ್ಪೇನ್, ಪೋರ್ಚುಗಲ್, ಇಟಲಿ. ಜೊತೆಗೆ ಅವರ ಹಡಗುಗಳು ಹೋದ ಕಡೆಯೆಲ್ಲ: ಮೆಕ್ಸಿಕೊ, ಪೆರು, ಬ್ರೆಜಿಲ್, ಗೋವಾ, ಮಲಬಾರ್. ಸ್ಪೇನ್‌ನ ಇನ್‌ಕ್ವಿಸಿಷನ್‌ಗೆ ಪೋಪ್ ಅನುಮತಿ ಸಿಕ್ಕಿದ್ದು 1478ರಲ್ಲಿ. ಪೋರ್ಚುಗಲ್‌ಗೆ ಅದು 1536ರಲ್ಲಿ ಬಂತು, ರೋಮ್‌ಗೆ 1542ರಲ್ಲಿ, ಗೋವಾಕ್ಕೆ 1560ರಲ್ಲಿ. ಸ್ಪೇನ್‌ನಲ್ಲಿ ಅದರ ಬಾಗಿಲು ಪೂರ್ತಿ ಮುಚ್ಚಿದ್ದು 1834ರಲ್ಲಿ.

ಚರ್ಚ್ ಅಧಿಕೃತವಾಗಿ ಏನು ಹೇಳುತ್ತಿತ್ತು?

ಚರ್ಚ್‌ನ ಹೊರಗೆ ಮೋಕ್ಷವಿಲ್ಲ ಅಂತ. ಮೂರನೇ ಶತಮಾನದಿಂದ ಬಂದ ಮಾತು ಅದು. 1442ರಲ್ಲಿ ಫ್ಲಾರೆನ್ಸ್ ಮಹಾಸಭೆ ಅದನ್ನು ಇನ್ನಷ್ಟು ಬಿಗಿಯಾಗಿ ಬರೆಯಿತು. ಅನ್ಯಧರ್ಮೀಯರು, ಯಹೂದಿಗಳು, ಚರ್ಚ್‌ನಿಂದ ಬೇರೆಯಾದವರು, ಎಲ್ಲರೂ ಸಾಯುವ ಮೊದಲು ಚರ್ಚ್‌ಗೆ ಸೇರದಿದ್ದರೆ ನರಕಕ್ಕೇ ಅಂತ.

ಪಂಡಿತರ ನಡುವೆ ಸ್ವಲ್ಪ ಸಡಿಲವಿತ್ತು. ಅಮೆರಿಕದಲ್ಲಿ ಕ್ರಿಸ್ತನ ಹೆಸರೇ ಕೇಳದ ಲಕ್ಷಾಂತರ ಜನ ಇದ್ದಾರೆ ಅಂತ ಗೊತ್ತಾದ ಮೇಲೆ ಸ್ಪೇನ್‌ನ ಸಲಮಾಂಕಾ ವಿಶ್ವವಿದ್ಯಾಲಯದ ದೇವಶಾಸ್ತ್ರಜ್ಞರು ತಲೆ ಕೆಡಿಸಿಕೊಂಡರು. ಕೇಳಿಯೇ ಇಲ್ಲದವನ ತಪ್ಪೇನು? ಆದರೆ ಆ ಚರ್ಚೆ ಲ್ಯಾಟಿನ್‌ನಲ್ಲಿ, ನಾಲ್ಕು ಗೋಡೆಯೊಳಗೆ ನಡೆಯಬೇಕಿತ್ತು. ಅದೇ ಪ್ರಶ್ನೆಯನ್ನು ಹೆಂಡದಂಗಡಿಯಲ್ಲಿ ಕುಳಿತು ಕೇಳಿದವನ ಮೇಲೆ ದೂರು ಹೋಗುತ್ತಿತ್ತು.

ಸಾಮಾನ್ಯರು ಆಡಿದ ಮಾತು ನಮಗೆ ಗೊತ್ತಾಗಿದ್ದು ಹೇಗೆ?

ಅವರನ್ನು ಹಿಡಿದವರಿಂದಲೇ. ಇನ್‌ಕ್ವಿಸಿಷನ್ ಅಂದರೆ ದೊಡ್ಡ ಕಾಗದದ ಕಾರ್ಖಾನೆ. ಗುಮಾಸ್ತ ಪ್ರಶ್ನೆಯನ್ನೂ ಬರೆಯುತ್ತಿದ್ದ, ಉತ್ತರವನ್ನೂ ಬರೆಯುತ್ತಿದ್ದ. ಆರೋಪಿ ಅತ್ತರೆ ಅದನ್ನೂ ಬರೆಯುತ್ತಿದ್ದ. ಸ್ಪೇನ್‌ನಲ್ಲಿ ಆರೋಪಿ ಮೊದಲು ತನ್ನ ಜೀವನದ ಕಥೆ ಹೇಳಬೇಕು: ಅಪ್ಪ ಅಮ್ಮ ಯಾರು, ಅಜ್ಜ ಅಜ್ಜಿ ಯಾರು, ಯಾವ ಊರು ಸುತ್ತಿದ್ದೀಯ, ಓದು ಬರುತ್ತಾ, ಜಪಗಳು ಬಾಯಿಗೆ ಬರುತ್ತವಾ. ಓದು ಬರಹ ಇಲ್ಲದ ಜನರ ಬದುಕು ಇಷ್ಟು ವಿವರವಾಗಿ ಬೇರೆ ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಸ್ಪೇನ್‌ನ ಪ್ರತಿ ನ್ಯಾಯಮಂಡಳಿಯೂ ತನ್ನ ಮೊಕದ್ದಮೆಗಳ ಸಾರಾಂಶವನ್ನು ಮೇಲಿನ ಮಂಡಳಿಗೆ ಕಳಿಸಬೇಕಿತ್ತು. 1540ರಿಂದ 1700ರ ನಡುವಿನ ಅಂಥ ಸುಮಾರು 44 ಸಾವಿರ ಸಾರಾಂಶಗಳನ್ನು ಇತಿಹಾಸಕಾರರು ಎಣಿಸಿ ವಿಂಗಡಿಸಿದ್ದಾರೆ. ಅದರಲ್ಲೊಂದು ದೊಡ್ಡ ಗುಂಪು ‘ತಪ್ಪು ಮಾತು’ಗಳದ್ದು. ಗುಟ್ಟಾಗಿ ಹಳೆ ಧರ್ಮ ಪಾಲಿಸಿದವರದ್ದಲ್ಲ. ತಲೆತಲಾಂತರದಿಂದ ಕ್ರೈಸ್ತರಾಗಿದ್ದವರು ಬಾಯಿ ಜಾರಿ ಆಡಿದ ಮಾತುಗಳದ್ದು. ನರಕ ಸುಳ್ಳು, ಮದುವೆಯಾಗದವರು ಕೂಡಿದರೆ ಪಾಪವಲ್ಲ, ಹುಟ್ಟುವುದು ಸಾಯುವುದು ಬಿಟ್ಟು ಇನ್ನೇನೂ ಇಲ್ಲ, ಹೀಗೆ. ಆ ಸಾಲಿನಲ್ಲೇ ಬರುತ್ತದೆ ನಮ್ಮ ಮಾತು: ಒಳ್ಳೆಯ ಮುಸ್ಲಿಮನಿಗೆ ಅವನ ಧರ್ಮದಲ್ಲಿ, ಒಳ್ಳೆಯ ಯಹೂದಿಗೆ ಅವನ ಧರ್ಮದಲ್ಲಿ ಮೋಕ್ಷ.

ಹಿಂಸೆ ಕೊಟ್ಟು ಹೇಳಿಸಿದ್ದನ್ನು ನಂಬುವುದು ಹೇಗೆ?

ಸರಿಯಾದ ಅನುಮಾನ. ಗುಪ್ತ ಯಹೂದಿ ಆಚರಣೆ, ಮಾಟ ಮಂತ್ರದಂಥ ಆರೋಪಗಳಲ್ಲಿ ಈ ಅನುಮಾನ ಇಟ್ಟುಕೊಳ್ಳಲೇಬೇಕು. ಅಲ್ಲಿ ಆರೋಪಿಗೆ ಏನು ಹೇಳಿದರೆ ಬಿಡುತ್ತಾರೆ ಅಂತ ಗೊತ್ತಾಗಿಬಿಡುತ್ತಿತ್ತು. ಆದರೆ ‘ಅವರವರ ಧರ್ಮದಲ್ಲಿ ಮೋಕ್ಷ’ ಅನ್ನುವ ಮಾತು ಹೆಚ್ಚಾಗಿ ಹುಟ್ಟಿದ್ದು ವಿಚಾರಣೆಯ ಕೋಣೆಯಲ್ಲಲ್ಲ. ಅದು ರಸ್ತೆಯಲ್ಲಿ, ಹೊಲದಲ್ಲಿ, ಹಡಗಿನಲ್ಲಿ ಆಡಿದ್ದು. ಕೇಳಿಸಿಕೊಂಡ ಪಕ್ಕದವರು ಹೋಗಿ ದೂರು ಕೊಟ್ಟಿದ್ದು. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಚರ್ಚ್‌ನಲ್ಲಿ ತಪ್ಪುಗಳ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಇಂಥ ಮಾತು ಕೇಳಿದ್ದರೆ ಬಂದು ಹೇಳಿ, ಹೇಳದಿದ್ದರೆ ಬಹಿಷ್ಕಾರ ಅಂತ. ಆಮೇಲೆ ಜನ ಹಳೆ ಜಗಳ, ಹಳೆ ಮಾತು ಎಲ್ಲ ನೆನಪು ಮಾಡಿಕೊಂಡು ಬರುತ್ತಿದ್ದರು.

ಇನ್ನೂ ಒಂದು. ಬೇರೆ ಬೇರೆ ಊರು, ಬೇರೆ ಬೇರೆ ಶತಮಾನ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲ. ಮಾತು ಮಾತ್ರ ಅದೇ.

ಎಲ್ಲರೂ ಹೇಳುವ ಆ ಗಿರಣಿಯವ ಯಾರು?

ದೊಮೆನಿಕೊ ಸ್ಕಾಂದೆಲ್ಲಾ. ಊರವರ ಬಾಯಲ್ಲಿ ಮೆನೊಕ್ಕಿಯೊ. ಇಟಲಿಯ ಈಶಾನ್ಯದ ಫ್ರಿಯುಲಿ ಪ್ರದೇಶದ ಮೊಂತೆರೆಯಾಲೆ ಅನ್ನುವ ಹಳ್ಳಿಯವನು, 1532ರಲ್ಲಿ ಹುಟ್ಟಿದ್ದು. ಹಿಟ್ಟಿನ ಗಿರಣಿ ಅವನ ಕಸುಬು. 11 ಮಕ್ಕಳು, ಅದರಲ್ಲಿ ನಾಲ್ವರು ತೀರಿಹೋಗಿದ್ದರು. ಓದು ಬರಹ ಬರುತ್ತಿತ್ತು, ಕೈಗೆ ಸಿಕ್ಕ ಪುಸ್ತಕವನ್ನೆಲ್ಲ ಓದುತ್ತಿದ್ದ. ಒಂದು ಸಲ ಊರಿನ ಮುಖ್ಯಸ್ಥನೂ ಆಗಿದ್ದ.

ಅವನ ಸಮಸ್ಯೆ ಒಂದೇ, ಸುಮ್ನೆ ಇರಲಾಗುತ್ತಿರಲಿಲ್ಲ. ಗಿರಣಿಗೆ ಬಂದವರ ಜೊತೆ, ದಾರಿಯಲ್ಲಿ ಸಿಕ್ಕವರ ಜೊತೆ ದೇವರ ಬಗ್ಗೆ ವಾದ. ಹಾಲು ಗಟ್ಟಿಯಾಗಿ ಗಿಣ್ಣಾಗಿ ಅದರಲ್ಲಿ ಹುಳು ಹುಟ್ಟಿದ ಹಾಗೆ ಜಗತ್ತು ಹುಟ್ಟಿತು, ಆ ಹುಳುಗಳೇ ದೇವದೂತರು ಅಂತ ಅವನ ಸಿದ್ಧಾಂತ. ಅವನು ಹೆಸರಾಗಿರುವುದು ಇದಕ್ಕೇ. ನನಗೇನೋ ಅದಕ್ಕಿಂತ ಅವನ ಇನ್ನೊಂದು ಮಾತು ದೊಡ್ಡದು ಅನ್ನಿಸುತ್ತದೆ. ದೇವರು ಪವಿತ್ರಾತ್ಮನನ್ನು ಎಲ್ಲರಿಗೂ ಕೊಟ್ಟಿದ್ದಾನೆ, ಕ್ರೈಸ್ತರಿಗೂ, ಪಾಷಂಡಿಗಳಿಗೂ, ತುರ್ಕರಿಗೂ (ಅಂದರೆ ಮುಸ್ಲಿಮರಿಗೂ), ಯಹೂದಿಗಳಿಗೂ. ಎಲ್ಲರೂ ಅವನಿಗೆ ಬೇಕಾದವರು, ಎಲ್ಲರಿಗೂ ಒಂದೇ ರೀತಿ ಮೋಕ್ಷ. ಹೀಗಂತ ಅವನು ನ್ಯಾಯಾಧೀಶರ ಮುಂದೆಯೇ ಹೇಳಿದ.

1583ರಲ್ಲಿ ದೂರು, ಮರುವರ್ಷ ಶಿಕ್ಷೆ, ಸುಮಾರು ಎರಡು ವರ್ಷ ಸೆರೆ. ತಪ್ಪಾಯಿತು ಅಂತ ಬೇಡಿಕೊಂಡ ಮೇಲೆ 1586ರಲ್ಲಿ ಬಿಟ್ಟರು. ಆದರೆ ಊರು ಬಿಟ್ಟು ಹೋಗುವಂತಿಲ್ಲ, ಶಿಲುಬೆಯ ಗುರುತಿನ ಅಂಗಿ ಸದಾ ಮೈಮೇಲೆ ಇರಬೇಕು. ಈಗ ನೋಡಿ ತಮಾಷೆ: 1590ರಲ್ಲಿ ಊರ ಚರ್ಚ್‌ನ ಲೆಕ್ಕಪತ್ರ ನೋಡುವ ಕೆಲಸಕ್ಕೆ ಇವನನ್ನೇ ನೇಮಿಸಿದರು! ಧರ್ಮದ್ರೋಹಿ ಅಂತ ಠಸ್ಸೆ ಬಿದ್ದವನಿಗೆ ಚರ್ಚ್‌ನ ದುಡ್ಡು ನೋಡುವ ಕೆಲಸ. ರೋಮ್‌ನ ಲೆಕ್ಕವೇ ಬೇರೆ, ಊರಿನ ಲೆಕ್ಕವೇ ಬೇರೆ ಇತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

1599ರಲ್ಲಿ ಮತ್ತೆ ಹಿಡಿದರು. ಆಗ ಅವನಿಗೆ 67 ವರ್ಷ. ವಿಚಾರಣೆಯಲ್ಲಿ ಒಂದು ಕಥೆ ಹೇಳಿದ. ಒಬ್ಬ ದೊಡ್ಡ ಯಜಮಾನ, ತನ್ನ ಬೆಲೆಬಾಳುವ ಉಂಗುರ ಯಾರ ಬಳಿ ಇರುತ್ತದೋ ಅವನೇ ವಾರಸುದಾರ ಅಂದಿದ್ದ. ಮೂರು ಮಕ್ಕಳ ಮೇಲೂ ಪ್ರೀತಿ. ಅದಕ್ಕೆ ಥೇಟ್ ಅದೇ ಥರದ ಇನ್ನೆರಡು ಉಂಗುರ ಮಾಡಿಸಿ ಮೂವರಿಗೂ ಒಂದೊಂದು ಕೊಟ್ಟ. ಅಪ್ಪ ಸತ್ತ ಮೇಲೆ ಮೂವರೂ ತನ್ನದೇ ಅಸಲಿ ಅಂದರು. ದೇವರಿಗೂ ಹಾಗೇ ಮೂರು ಮಕ್ಕಳು, ಕ್ರೈಸ್ತ, ತುರ್ಕ, ಯಹೂದಿ. ಯಾರದ್ದು ಅಸಲಿ ಅಂತ ಗೊತ್ತಿಲ್ಲ ಅಂದ. ಹಾಗಾದರೆ ಯಾವ ಧರ್ಮ ಸರಿ ಅಂತ ಗೊತ್ತಿಲ್ಲ ಅಂತೀಯಾ ಅಂತ ಕೇಳಿದರು. ಹೌದು ಸ್ವಾಮಿ, ಪ್ರತಿಯೊಬ್ಬರಿಗೂ ಅವರವರದ್ದೇ ಸರಿ. ನಮ್ಮಜ್ಜ, ನಮ್ಮಪ್ಪ, ನಮ್ಮವರೆಲ್ಲ ಕ್ರೈಸ್ತರು, ಅದಕ್ಕೆ ನಾನೂ ಕ್ರೈಸ್ತನಾಗೇ ಇರುತ್ತೇನೆ ಅಂದ.

ಕಥೆ ಅವನ ಸ್ವಂತದ್ದಲ್ಲ. 14ನೇ ಶತಮಾನದ ಬೊಕಾಚಿಯೊನ ಕಥಾಸಂಗ್ರಹದಲ್ಲಿ ಓದಿದ್ದು. ಜೊತೆಗಾರರ ಹೆಸರು ಹೇಳು ಅಂತ ಹಗ್ಗಕ್ಕೆ ಕಟ್ಟಿ ಎಳೆದರು. ಊರಿನ ಜಮೀನ್ದಾರನ ಹೆಸರೊಂದು ಬಿಟ್ಟು ಇನ್ನೊಂದು ಹೆಸರು ಬಾಯಿಂದ ಬರಲಿಲ್ಲ. ಅವನನ್ನು ಮುಗಿಸಲೇಬೇಕು ಅಂತ ರೋಮ್‌ನಿಂದಲೇ, ಪೋಪ್ ಎಂಟನೇ ಕ್ಲೆಮೆಂಟ್ ಅವರ ಹೆಸರಿನಲ್ಲೇ, ಒತ್ತಡ ಬಂತು. ಮರಣದಂಡನೆಯಾಯಿತು.

ಅವನೊಬ್ಬ ವಿಚಿತ್ರ ಮನುಷ್ಯ ಅಷ್ಟೇ ಅಲ್ವಾ?

ಗಿಣ್ಣಿನ ಹುಳುವಿನ ವಿಷಯದಲ್ಲಿ ಹೌದು. ಮೋಕ್ಷದ ವಿಷಯದಲ್ಲಿ ಅಲ್ಲ.

ಅದೇ 1599ನೇ ಇಸವಿ, ಜೂನ್ ತಿಂಗಳು. ಕೇರಳದ ಉದಯಂಪೇರೂರಿನಲ್ಲಿ ಗೋವಾದ ಆರ್ಚ್‌ಬಿಷಪ್ ಅಲೆಶೊ ದ ಮೆನೆಝಿಸ್ ಒಂದು ಸಭೆ ಕರೆದಿದ್ದರು. ಅಲ್ಲಿನ ಹಳೆಯ ಕ್ರೈಸ್ತರಾದ ಸಂತ ತೋಮಾ ಕ್ರೈಸ್ತರನ್ನು ರೋಮ್‌ನ ಪದ್ಧತಿಗೆ ತರುವುದು ಉದ್ದೇಶ. ಅನ್ಯಧರ್ಮೀಯರ ಸಹವಾಸದಿಂದ ಇವರಿಗೆ ಅಂಟಿದ ತಪ್ಪು ನಂಬಿಕೆಗಳು ಅಂತ ಅಲ್ಲಿ ಕೆಲವನ್ನು ಖಂಡಿಸಿದರು. ಒಂದು ಪುನರ್ಜನ್ಮ. ಇನ್ನೊಂದು ಹಣೆಬರಹ. ಮೂರನೆಯದು, ಪ್ರತಿಯೊಬ್ಬರಿಗೂ ಅವರವರ ಧರ್ಮದಲ್ಲಿ ಮೋಕ್ಷ, ಎಲ್ಲ ಧರ್ಮವೂ ಒಳ್ಳೆಯದೇ, ಎಲ್ಲವೂ ಸ್ವರ್ಗಕ್ಕೇ ಹೋಗುತ್ತವೆ ಅನ್ನುವುದು.

ಒಂದು ಕಡೆ ಆಲ್ಪ್ಸ್ ಬೆಟ್ಟದ ಬುಡದ ಗಿರಣಿಯವ, ಇನ್ನೊಂದು ಕಡೆ ಮಲಬಾರಿನ ಮೆಣಸು ವ್ಯಾಪಾರದ ಕ್ರೈಸ್ತರು. ಅವನು ಮೂರು ಉಂಗುರದ ಕಥೆ ಹೇಳುವ ಹೊತ್ತಿಗೆ ಇಲ್ಲಿ ಈ ನಿರ್ಣಯ ಬರೆದಾಗಿತ್ತು. ಇವರ ನಡುವೆ ಯಾವ ಸಂಬಂಧವೂ ಇಲ್ಲ. ಸ್ಪೇನ್‌ನ ಸೋರಿಯಾ ಸೀಮೆಯಲ್ಲಿ 1500ರ ಆಸುಪಾಸಿನಲ್ಲೇ ಹಳ್ಳಿಗರು ಇಂಥ ಮಾತು ಆಡಿದ್ದರ ದಾಖಲೆಯಿದೆ. ಹಾಗಾಗಿ ಇದು ಒಬ್ಬನ ತಲೆಯಿಂದ ಬಂದಿದ್ದು ಅನ್ನಲಾಗದು.

ಓದದವರಿಗೆ ಈ ಯೋಚನೆ ಬಂದಿದ್ದು ಎಲ್ಲಿಂದ?

ಹಲವು ಕಡೆಯಿಂದ. ಮೊದಲನೆಯದು ದೇವರ ನ್ಯಾಯದ ಬಗ್ಗೆ ಇರುವ ಸಾಮಾನ್ಯ ಬುದ್ಧಿ. ನರಕಕ್ಕೆ ಹಾಕುವುದಕ್ಕೇ ಇಷ್ಟೊಂದು ಜನರನ್ನು ಯಾಕೆ ಹುಟ್ಟಿಸಿದ? ಈ ಪ್ರಶ್ನೆಗೆ ಪದವಿ ಬೇಕಿಲ್ಲ.

ಎರಡನೆಯದು ಮನೆಯೊಳಗಿನ ನೋವು. 1492ರಲ್ಲಿ ಸ್ಪೇನ್ ಯಹೂದಿಗಳಿಗೆ ಮತಾಂತರವಾಗಿ ಇಲ್ಲವೇ ಹೊರಡಿ ಅಂದಿತು. 1497ರಲ್ಲಿ ಪೋರ್ಚುಗಲ್ ಅವರನ್ನು ಬಲವಂತವಾಗಿ ಮತಾಂತರ ಮಾಡಿತು. 1502ರಲ್ಲಿ ಸ್ಪೇನ್‌ನ ಕ್ಯಾಸ್ಟೀಲ್ ರಾಜ್ಯದ ಮುಸ್ಲಿಮರ ಸರದಿ. ಜ್ಞಾನಸ್ನಾನ ಪಡೆದ ಮೊಮ್ಮಗ ಚರ್ಚ್‌ನಲ್ಲಿ ಕೂತು ಕೇಳುವುದೇನು? ಕ್ರೈಸ್ತರಲ್ಲದವರೆಲ್ಲ ನರಕದಲ್ಲಿದ್ದಾರೆ ಅಂತ. ಅಂದರೆ ಅವನನ್ನು ಎತ್ತಿ ಆಡಿಸಿದ ಅಜ್ಜಿಯೂ. ಅದನ್ನು ಒಪ್ಪುವುದು ಯಾರಿಗೆ ಸುಲಭ ಹೇಳಿ.

ಮೂರನೆಯದು ತಿರುಗಾಟ. ನಾವಿಕರು, ಸೈನಿಕರು, ಉತ್ತರ ಆಫ್ರಿಕಾದ ಅಲ್ಜಿಯರ್ಸ್‌ನಲ್ಲಿ ಸೆರೆಯಾಗಿದ್ದವರು. ಅಲ್ಲಿ ಕೆಲವರು ಇಸ್ಲಾಂಗೆ ಸೇರಿ, ಮತ್ತೆ ಮನೆಗೆ ಬಂದು ಕ್ರೈಸ್ತರಾದರು. ಎರಡೂ ಕಡೆ ಉಂಡು ಮಲಗಿದವರಿಗೆ ಆ ಕಡೆಯವರೆಲ್ಲ ರಾಕ್ಷಸರು ಅಂತ ಹೇಳಿದರೆ ನಂಬುತ್ತಾರಾ?

ಸ್ವಾರ್ಥವೂ ಇತ್ತು, ಮುಚ್ಚಿಡುವುದೇನಿದೆ. ಸ್ಪೇನ್‌ನ ವೆಲೆನ್ಸಿಯಾ ಕಡೆಯ ಜಮೀನ್ದಾರರಿಗೆ ಮತಾಂತರವಾದ ಮುಸ್ಲಿಂ ರೈತರೇ ಆಧಾರ. ಸಾಂಚೊ ದ ಕಾರ್ದೋನಾ ಅನ್ನುವ ದೊಡ್ಡ ಮನೆತನದವನು ತನ್ನ ಜಮೀನಿನಲ್ಲಿ ಮಸೀದಿ ಮತ್ತೆ ಕಟ್ಟಲು ಬಿಟ್ಟ ಅಂತ 1569ರ ಸುಮಾರಿಗೆ ವಿಚಾರಣೆಗೆ ಒಳಗಾದ.

ಮಾತು ಬಿಡಿ, ಎರಡು ಧರ್ಮದವರು ಒಂದೇ ಜಾಗದಲ್ಲಿ ಪೂಜೆ ಮಾಡಿದ್ದುಂಟಾ?

ಉಂಟು. ಸಿಸಿಲಿ ಮತ್ತು ಆಫ್ರಿಕಾ ನಡುವಿನ ಪುಟ್ಟ ದ್ವೀಪ ಲಾಂಪೆಡೂಸಾ. ಅಲ್ಲಿನ ಒಂದು ಗುಹೆಯಲ್ಲಿ ಮಾತೆ ಮೇರಿಯ ಚಿತ್ರವಿತ್ತು, ಅಲ್ಲೇ ಒಬ್ಬ ಮುಸ್ಲಿಂ ಸಂತನ ಗೋರಿಯೂ ಇತ್ತು. ದ್ವೀಪದಲ್ಲಿ ಊರಿಲ್ಲ, ಕಾವಲಿಲ್ಲ. ಕ್ರೈಸ್ತ ಹಡಗು ಬಂದರೂ, ತುರ್ಕ ಹಡಗು ಬಂದರೂ ನಾವಿಕರು ಇಳಿದು ಕಾಣಿಕೆ ಇಡುತ್ತಿದ್ದರು: ದೀಪಕ್ಕೆ ಎಣ್ಣೆ, ಒಣ ರೊಟ್ಟಿ, ಬಟ್ಟೆ, ದುಡ್ಡು. ಹಡಗು ಒಡೆದವನೋ ಓಡಿಬಂದ ಗುಲಾಮನೋ ಅದನ್ನು ತೆಗೆದುಕೊಳ್ಳಬಹುದು. ಅಗತ್ಯವಿಲ್ಲದೆ ಮುಟ್ಟಿದವನ ಹಡಗು ಬಂದರು ಬಿಟ್ಟು ಹೊರಡುವುದಿಲ್ಲ ಅಂತ ಎರಡೂ ಕಡೆಯವರ ನಂಬಿಕೆ. ಸಮುದ್ರದಲ್ಲಿ ಒಬ್ಬರನ್ನೊಬ್ಬರು ಹಿಡಿದು ಮಾರುತ್ತಿದ್ದವರೇ ಇವರು, ಅದು ನೆನಪಿರಲಿ.

ಮೊರಿಸ್ಕೋಗಳನ್ನು ಓಡಿಸಿದಾಗ ನೆರೆಹೊರೆಯವರು ಏನು ಮಾಡಿದರು?

ಮತಾಂತರವಾದ ಮುಸ್ಲಿಮರನ್ನು ಮೊರಿಸ್ಕೋ ಅನ್ನುತ್ತಿದ್ದರು. 1609ರಿಂದ 1614ರ ನಡುವೆ ಸ್ಪೇನ್ ಸುಮಾರು 3 ಲಕ್ಷ ಮೊರಿಸ್ಕೋಗಳನ್ನು ದೇಶದಿಂದಲೇ ಹೊರಹಾಕಿತು. ಖುಷಿಪಟ್ಟವರಿದ್ದರು, ಹೋಗುವವರ ಆಸ್ತಿ ಅಗ್ಗಕ್ಕೆ ಹೊಡೆದವರೂ ಇದ್ದರು. ಆದರೆ ಲಾ ಮಾಂಚಾದ ವಿಲ್ಲಾರುಬಿಯಾ ದ ಲೋಸ್ ಓಖೋಸ್ ಅನ್ನುವ ಊರಿನ ಮೊರಿಸ್ಕೋಗಳು, ಸರ್ಕಾರ ಮತ್ತೆ ಮತ್ತೆ ಹೊರಹಾಕಿದರೂ ಮತ್ತೆ ಮತ್ತೆ ವಾಪಸ್ ಬಂದರು. ಊರವರ ಬೆಂಬಲ ಇಲ್ಲದಿದ್ದರೆ ಅಲ್ಲಿ ಉಳಿಯುವುದು ಸಾಧ್ಯವೇ ಇರಲಿಲ್ಲ.

ಆ ಕಾಲದ ಜನರ ಮನಸ್ಸು ಹೇಗಿತ್ತು ಅಂತ ನೋಡಲು 1615ರಲ್ಲಿ ಬಂದ ‘ದೊನ್ ಕಿಖೋತೆ’ ಕಾದಂಬರಿಯ ಎರಡನೇ ಭಾಗದ ಒಂದು ಸನ್ನಿವೇಶ ಸಾಕು. ಬರೆದ ಸೆರ್ವಾಂಟಿಸ್ ಸ್ವತಃ ಅಲ್ಜಿಯರ್ಸ್‌ನಲ್ಲಿ 5 ವರ್ಷ ಸೆರೆಯಲ್ಲಿದ್ದವರು. ಕಾದಂಬರಿಯ ರೈತ ಸಾಂಚೊಗೆ ದಾರಿಯಲ್ಲಿ ಜರ್ಮನ್ ಯಾತ್ರಿಕರ ಗುಂಪು ಸಿಗುತ್ತದೆ. ಅದರಲ್ಲೊಬ್ಬ ಬಂದು ತಬ್ಬಿಕೊಳ್ಳುತ್ತಾನೆ. ನೋಡಿದರೆ ಊರಿನ ಅಂಗಡಿಯ ರಿಕೋತೆ! ಮೊರಿಸ್ಕೋ, ವೇಷ ಮರೆಸಿ ಬಂದಿದ್ದಾನೆ. ಇಬ್ಬರೂ ಕೂತು ತಿಂದು, ವೈನ್ ಕುಡಿದು, ಮಾತಾಡುತ್ತಾರೆ. ಜರ್ಮನಿಯಲ್ಲಿ ಅವರವರ ಮನಸ್ಸಾಕ್ಷಿಯಂತೆ ಬದುಕಲು ಬಿಡುತ್ತಾರೆ ಅಂತಾನೆ ರಿಕೋತೆ. ಹೂತಿಟ್ಟ ನಿಧಿ ತೆಗೆಯಲು ಸಹಾಯ ಮಾಡು, 200 ಎಸ್ಕೂದೊ ಕೊಡುತ್ತೇನೆ ಅಂತಾನೆ. ಸಾಂಚೊ ಒಲ್ಲೆ ಅನ್ನುತ್ತಾನೆ, ರಾಜನಿಗೆ ದ್ರೋಹ ಆಗುತ್ತದಂತೆ. ಆದರೆ ನಿನ್ನನ್ನು ಹಿಡಿದುಕೊಡುವುದಿಲ್ಲ, ಹೋಗಿ ಬಾ ಅಂತಾನೆ. ರಾಜನನ್ನೂ ಬಿಡಲಿಲ್ಲ, ನೆರೆಯವನನ್ನೂ ಬಿಡಲಿಲ್ಲ. ಸಾಮಾನ್ಯರ ಸಹನೆ ಅಂದರೆ ಬಹುಪಾಲು ಇಷ್ಟೇ, ಇಷ್ಟೂ.

ಅಂದರೆ ಜನ ಒಳ್ಳೆಯವರು, ಚರ್ಚ್ ಮಾತ್ರ ಕೆಟ್ಟದ್ದು ಅಂತಾನಾ?

ಖಂಡಿತ ಅಲ್ಲ. 1506ರ ಈಸ್ಟರ್ ಹೊತ್ತಿಗೆ ಲಿಸ್ಬನ್‌ನಲ್ಲಿ, ಮತಾಂತರವಾಗಿದ್ದ ಯಹೂದಿಗಳನ್ನು ಗುಂಪು ಸೇರಿ ಕೊಂದವರು ಬೀದಿಯ ಜನವೇ. ಸತ್ತವರು 2 ಸಾವಿರಕ್ಕೂ ಮೇಲಿರಬಹುದು ಅಂತ ಅಂದಾಜು. ಉರಿಗೆ ತುಪ್ಪ ಸುರಿದವರು ಕೆಲವು ಡೊಮಿನಿಕನ್ ಸನ್ಯಾಸಿಗಳು. ಅವರನ್ನು ಶಿಕ್ಷಿಸಿದ್ದು ರಾಜ. 1572ರಲ್ಲಿ ಪ್ಯಾರಿಸ್‌ನಲ್ಲಿ ಪ್ರೊಟೆಸ್ಟೆಂಟರನ್ನು ಅವರ ನೆರೆಯವರೇ ಕೊಂದರು. ಮೆನೊಕ್ಕಿಯೊ ಮೇಲೆ ದೂರು ಕೊಟ್ಟಿದ್ದು ಅವನ ಊರಿನ ಪಾದ್ರಿಯೇ, ರೋಮ್‌ನ ಪತ್ತೇದಾರನಲ್ಲ. ಇನ್‌ಕ್ವಿಸಿಷನ್ ಬಳಿ ಅಷ್ಟೊಂದು ಸಿಬ್ಬಂದಿ ಎಲ್ಲಿತ್ತು? ದೂರು ಕೊಡುವ ಜನರಿಂದಲೇ ಅದು ನಡೆಯುತ್ತಿತ್ತು.

ಇಂಥ ಮಾತಿಗೆ ಎಲ್ಲರನ್ನೂ ಸುಡುತ್ತಿದ್ದರಾ?

ಇಲ್ಲ. ಮೊದಲ ದಶಕಗಳು ಭೀಕರವಾಗಿದ್ದವು, ನಿಜ. ಆದರೆ ಮೇಲೆ ಹೇಳಿದ 44 ಸಾವಿರ ಮೊಕದ್ದಮೆಗಳಲ್ಲಿ ನಿಜವಾಗಿ ಕೊಂದಿದ್ದು ನೂರಕ್ಕೆ 2ಕ್ಕಿಂತ ಕಡಿಮೆ. ಬಾಯಿ ಜಾರಿದವರಿಗೆ ಸಾಮಾನ್ಯವಾಗಿ ತಪ್ಪೊಪ್ಪಿಗೆ, ದಂಡ, ಚಾಟಿ ಏಟು, ಗಡಿಪಾರು. ಹೆಂಡ ಕುಡಿದಿದ್ದೆ, ನಾನು ದಡ್ಡ, ಗೊತ್ತಾಗಲಿಲ್ಲ ಅಂದವರನ್ನು ಬುದ್ಧಿ ಹೇಳಿ ಕಳಿಸಿದ್ದೂ ಉಂಟು. ಪಟ್ಟು ಹಿಡಿದವನಿಗೆ, ಎರಡನೇ ಸಲ ಸಿಕ್ಕವನಿಗೆ ಉಳಿಗಾಲವಿರಲಿಲ್ಲ. ಜೀವ ಉಳಿದರೂ ಅವಮಾನ ಉಳಿಯುತ್ತಿತ್ತು. ಸ್ಪೇನ್‌ನಲ್ಲಿ ಶಿಕ್ಷೆಯ ಅಂಗಿಯನ್ನು ಹೆಸರಿನ ಸಮೇತ ಊರ ಚರ್ಚ್‌ನಲ್ಲಿ ತೂಗುಹಾಕುತ್ತಿದ್ದರು. ಮೊಮ್ಮಕ್ಕಳೂ ಅದನ್ನು ನೋಡಬೇಕು.

ಬೇರೆ ಕ್ಯಾಥೊಲಿಕ್ ನಾಡುಗಳಲ್ಲಿ?

ಪೋಲೆಂಡ್‌ನಲ್ಲಿ 1573ರ ವಾರ್ಸಾ ಒಪ್ಪಂದ, ಫ್ರಾನ್ಸ್‌ನಲ್ಲಿ 1598ರ ನಾಂಟ್ ಶಾಸನ (1685ರಲ್ಲಿ ರದ್ದಾಯಿತು). ಬೇರೆ ಪಂಥದ ಕ್ರೈಸ್ತರಿಗೂ ಜಾಗ ಕೊಟ್ಟ ಅವೆರಡೂ ಮೇಲಿನಿಂದ, ಆಳುವವರಿಂದ ಬಂದವು. ಜರ್ಮನಿಯ ಬಿಬೆರಾಖ್ ಊರಿನ ಕಥೆ ಬೇರೆ: 1548ರಿಂದ ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಒಂದೇ ಚರ್ಚನ್ನು ಹಂಚಿಕೊಂಡಿದ್ದಾರೆ, ಗಂಟೆ ಲೆಕ್ಕದಲ್ಲಿ.

ಗೋವಾ ಮತ್ತು ನಮ್ಮ ಕರಾವಳಿಗೆ ಇದರ ನಂಟೇನು?

ನೇರ ನಂಟು. ಗೋವಾದ ಇನ್‌ಕ್ವಿಸಿಷನ್ 1560ರಿಂದ 1812ರವರೆಗೆ ನಡೆಯಿತು, ನಡುವೆ 1774ರಿಂದ ಕೆಲವು ವರ್ಷ ನಿಂತಿತ್ತು. ಮೂಲ ಕಡತಗಳು ಬಹುತೇಕ ನಾಶವಾಗಿವೆ, ಉಳಿದಿರುವ ಪಟ್ಟಿಯಲ್ಲೇ 16 ಸಾವಿರಕ್ಕೂ ಹೆಚ್ಚು ಮೊಕದ್ದಮೆಗಳಿವೆ. ಅಲ್ಲಿ ಜನ ಸಿಕ್ಕಿಬಿದ್ದಿದ್ದು ಮಾತಿಗಿಂತ ಜಾಸ್ತಿ ಆಚರಣೆಗೆ. 1736ರ ಆಜ್ಞೆಯಲ್ಲಿ ಏನೇನು ಬೇಡ ಅಂದಿದ್ದಾರೆ ನೋಡಿ: ಮನೆಯಂಗಳದಲ್ಲಿ ತುಳಸಿ, ಹಿಂದೂಗಳ ಹಾಗೆ ಉಪ್ಪಿಲ್ಲದೆ ಅನ್ನ ಮಾಡುವುದು, ಮದುವೆಯಲ್ಲಿ ವೀಳ್ಯ ಕೊಡುವುದು, ಪಂಚೆ ಉಡುವುದು. ಪಾದ್ರಿಗೆ ಕಂಡಿದ್ದು ಧರ್ಮದ್ರೋಹ. ಕೊಂಕಣಿ ಹೆಂಗಸಿಗೆ ಅದು ಅಡುಗೆ, ಮದುವೆ ಮನೆ.

ಹೀಗಾಗಿ ಅನೇಕ ಕೊಂಕಣಿ ಕ್ರೈಸ್ತರು ಕೆನರಾ ಕಡೆ ಬಂದರು. ಇನ್‌ಕ್ವಿಸಿಷನ್ ಒಂದೇ ಕಾರಣವಲ್ಲ; ತೆರಿಗೆ, ಬರ, ಮರಾಠರ ಜೊತೆಗಿನ ಯುದ್ಧ ಎಲ್ಲ ಸೇರಿತ್ತು. ಕೆಳದಿ ಅರಸರು ಅವರಿಗೆ ನೆಲೆ ಕೊಟ್ಟರು, ಚರ್ಚ್ ಕಟ್ಟಲು ಬಿಟ್ಟರು. ಒಳ್ಳೆಯ ರೈತರು ಸಿಕ್ಕರು ಅನ್ನುವ ಲೆಕ್ಕವೂ ಅದರಲ್ಲಿತ್ತು.

ಗೋವಾದಲ್ಲೇ ಇವತ್ತಿಗೂ ಶಿರಗಾಂವದ ಲೈರಾಯಿ ದೇವಿ, ಮಾಪುಸಾದ ಮಿಲಾಗ್ರಿಸ್ ಮಾತೆ ಅಕ್ಕತಂಗಿಯರು ಅಂತ ನಂಬಿಕೆ. ಹಬ್ಬ ಬಂದಾಗ ದೇವಸ್ಥಾನ ಮತ್ತು ಚರ್ಚ್ ನಡುವೆ ಎಣ್ಣೆ, ಹೂವು ಹೋಗಿ ಬರುತ್ತವೆ.

ಇದನ್ನು ಇವತ್ತಿನ ಸೆಕ್ಯುಲರಿಸಂ ಅನ್ನಬಹುದಾ?

ಬೇಡ. ಈ ಜನಕ್ಕೆ ದೇವರ ಮೇಲೆ ಗಟ್ಟಿ ನಂಬಿಕೆ ಇತ್ತು, ಮೋಕ್ಷದ ಚಿಂತೆ ಇತ್ತು. ಹಕ್ಕು, ಸಂವಿಧಾನ ಅವರ ತಲೆಯಲ್ಲಿರಲಿಲ್ಲ. ಕೆಲವರಿಗೆ ತುರ್ಕರ ಬಗ್ಗೆ ಉದಾರ ಮನಸ್ಸು, ಪಕ್ಕದ ಮನೆಯ ಮತಾಂತರವಾದ ಯಹೂದಿಯ ಬಗ್ಗೆ ಹೊಟ್ಟೆಯುರಿ. ಆದರೆ ಸಹನೆ ಅನ್ನುವುದನ್ನು 17, 18ನೇ ಶತಮಾನದ ತತ್ವಜ್ಞಾನಿಗಳೇ ಕಂಡುಹಿಡಿದು ಕೆಳಗಿನವರಿಗೆ ಹಂಚಿದರು ಅಂತ ಶಾಲೆಯಲ್ಲಿ ಕಲಿಸಿದ್ದನ್ನು ಇನ್ನು ಹಾಗೇ ಒಪ್ಪಲಾಗದು. ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ಸಹನೆಯ ಬಗ್ಗೆ ತನ್ನ ಪತ್ರ ಪ್ರಕಟಿಸಿದ್ದು 1689ರಲ್ಲಿ. ಆ ಪತ್ರದಲ್ಲೂ ನಾಸ್ತಿಕರಿಗೆ ಜಾಗವಿಲ್ಲ.

ಚರ್ಚ್ ತನ್ನ ಮಾತು ಬದಲಾಯಿಸಿತಾ?

ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ, ಮನಸ್ಸಾಕ್ಷಿಯಂತೆ ನಡೆದವರಿಗೂ ಮೋಕ್ಷ ಸಾಧ್ಯ ಅಂತ 1964ರಲ್ಲಿ ಬರೆದರು. ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಚರ್ಚ್ ತಳ್ಳಿಹಾಕುವುದಿಲ್ಲ ಅಂತ 1965ರಲ್ಲಿ. ಎಲ್ಲ ಧರ್ಮವೂ ಸಮ ಅಂತ ಮಾತ್ರ ಅಲ್ಲೂ ಹೇಳಿಲ್ಲ. ಮೆನೊಕ್ಕಿಯೊ ಆ ಸಭೆಯಲ್ಲಿದ್ದಿದ್ದರೆ ಬಹುಶಃ ಎದ್ದು ನಿಂತು ವಾದಕ್ಕಿಳಿಯುತ್ತಿದ್ದ.